ತಪ್ಪಿದವು ಎಂದು ಬರೆದ ಹಕ್ಕಿಗಳು

ಬಂದೂಕಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಏಪ್ರಿಲ್ ತಿಂಗಳ ಆ ಪುಟದಲ್ಲಿ ನಾನು ಬರೆದಿರುವುದು ಇಷ್ಟು: "ತೋಟಾ ಹದಿನಾರು. ಬಿದ್ದವು ಮೂರು. ತಪ್ಪಿದವು ಹದಿಮೂರು. ಗಾಳಿ ಪಶ್ಚಿಮದಿಂದ. ಕೈ ನಡುಗಲಿಲ್ಲ." ಕೊನೆಯ ಮಾತನ್ನು ಯಾಕೆ ಬರೆದೆನೋ ಈಗ ಗೊತ್ತಾಗುವುದಿಲ್ಲ. ನಡುಗಿದ್ದಕ್ಕೇ ಬರೆದಿರಬೇಕು.

ಇದನ್ನು ಬರೆಯುವಾಗ ಆ ನೋಟ್‌ಬುಕ್ ಎದುರಿಗಿದೆ. ನನ್ನ ನೆನಪಿನ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಅನುಕೂಲವಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುವುದನ್ನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಪುಟದಲ್ಲಿ ಇರುವುದನ್ನು ಇದೆ ಎಂದೂ ಇಲ್ಲದ್ದನ್ನು ನೆನಪು ಎಂದೂ ಹೇಳುತ್ತಾ ಹೋಗುತ್ತೇನೆ.

ನಾನು ಬೆಳೆ ಸಂಶೋಧನೆ ಮಾಡುವ ಡಚ್ ಊರು ವಾಗೆನಿಂಗನ್‌ನಿಂದ ನದಿ ದಾಟಿದರೆ ಸಿಗುವ ಜಿಗುಟು ಮಣ್ಣಿನ ಬಯಲಿನಲ್ಲಿ ನಮ್ಮ ಪ್ರಯೋಗದ ಹೊಲವಿತ್ತು. ಅಲ್ಲಿ ನಾಲ್ಕು ಮಡಿಗಳಲ್ಲಿ ಬಟಾಣಿ ಹಾಕಿದ್ದೆವು. ಗಾಳಿಗೆ ನೆಲಕಚ್ಚದೆ ನಿಲ್ಲುವ ಒಂದು ಹೊಸ ತಳಿ ಅದರಲ್ಲಿತ್ತು. ಅದನ್ನು ವರ್ಷಗಟ್ಟಲೆ ಆರಿಸಿ ಆರಿಸಿ ತಂದವರು ನಮ್ಮ ವಿಭಾಗದ ಹಿರಿಯರು, ಉಡುಪಿ ಕಡೆಯವರು. ಇಲ್ಲಿ ಯಾರೂ ಯಾರನ್ನೂ ಸರ್ ಎಂದು ಕರೆಯುವುದಿಲ್ಲ. ನಾನು ಮಾತ್ರ ಅವರನ್ನು ಹಾಗೇ ಕರೆಯುತ್ತಿದ್ದೆ. ಮುಂದಿನ ವಸಂತಕ್ಕೆ ಅವರ ನಿವೃತ್ತಿ. ನಾಲ್ಕರಲ್ಲಿ ಕನಿಷ್ಠ ಮೂರು ಮಡಿ ಕಟಾವಿಗೆ ಉಳಿದರೆ ಆ ವರ್ಷದ ಲೆಕ್ಕ ಒಪ್ಪಿತವಾಗಿ ತಳಿ ಮುಂದಕ್ಕೆ ಹೋಗುತ್ತದೆ. ಉಳಿಯದಿದ್ದರೆ ಬೀಜ ತಂಪುಕೋಣೆಗೆ ಹೋಗುತ್ತದೆ. ಅವರಾದ ಮೇಲೆ ಅದನ್ನು ಹೊರಗೆ ತೆಗೆಯುವವರು ಯಾರೂ ಇರಲಿಲ್ಲ.

ಮೊಳಕೆ ಎರಡು ಬೆರಳೆತ್ತರ ಬರುವ ಹೊತ್ತಿಗೆ ಕಾಡುಪಾರಿವಾಳಗಳು ಬಂದವು. ನಮ್ಮೂರಿನ ಗುಡಿಗೋಪುರಗಳ ಪಾರಿವಾಳಕ್ಕಿಂತ ದೊಡ್ಡವು, ಕೊರಳ ಎರಡೂ ಬದಿಗೆ ಬಿಳಿಯ ಗುರುತು, ರೆಕ್ಕೆಗೆ ಅಡ್ಡಲಾಗಿ ಬಿಳಿಯ ಪಟ್ಟೆ. ಬಲೆ ಹೊದಿಸುವಂತಿರಲಿಲ್ಲ, ಬಟಾಣಿಯ ಬಳ್ಳಿತುದಿಗಳು ಬಲೆಯನ್ನೇ ಹಿಡಿದುಕೊಂಡು ನಿಂತುಬಿಟ್ಟರೆ, ತಾವಾಗಿ ನಿಲ್ಲುವ ತಳಿಯನ್ನು ಪರೀಕ್ಷಿಸುವುದು ಹೇಗೆ? ಸದ್ದು ಮಾಡುವ ಗ್ಯಾಸ್ ತೋಪು ಇಟ್ಟೆವು. ಮೊದಲ ವಾರ ಹಕ್ಕಿಗಳು ಹೆದರಿದವು. ಎರಡನೆಯ ವಾರ ಹಕ್ಕಿಗಳು ಒಗ್ಗಿಕೊಂಡವು, ಒಡ್ಡಿನಾಚೆಯ ಹೊಸ ಮನೆಗಳವರು ದೂರು ಕೊಟ್ಟರು. ಅಷ್ಟರಲ್ಲಿ ಒಂದು ಮಡಿ ಬರಿ ಮಣ್ಣಾಗಿತ್ತು. ಉಳಿದದ್ದು ಮೂರು, ಬೇಕಾದದ್ದೂ ಮೂರು.

ಬೆಳೆ ಹಾಳಾಗುತ್ತಿದ್ದರೆ ಅನುಮತಿ ಪತ್ರ ಪಡೆದು ಪಾರಿವಾಳ ಹೊಡೆಯಲು ಇಲ್ಲಿ ಕಾನೂನಿದೆ. ಆ ಬಯಲಿನ ಬೇಟೆಯ ಹಕ್ಕು ಒಬ್ಬ ಅಜ್ಜನದು. ಹಿಂದೆ ಅದೇ ನೆಲವನ್ನು ಉತ್ತವರು. ಆ ಚಳಿಗಾಲದಲ್ಲಿ ಅವರ ಬಲ ಭುಜದ ಕೀಲು ಬದಲಿಸಿದ್ದರು, ಬಂದೂಕು ಮುಟ್ಟಕೂಡದೆಂದು ವೈದ್ಯರು ಹೇಳಿದ್ದರು. ನಮ್ಮಲ್ಲಿ ಪರವಾನಗಿ ಇದ್ದವಳು ನಾನೊಬ್ಬಳೇ. ಹಿಂದಿನ ವರ್ಷ ಪರವಾನಗಿ ಇದ್ದ ಕೆಲಸಗಾರರೊಬ್ಬರು ಬಿಟ್ಟುಹೋದಾಗ ಆ ಜಾಗಕ್ಕೆ ಯಾರು ತಯಾರಾಗುತ್ತೀರಿ ಎಂದು ಕೇಳಿದ್ದರು, ನಾನು ಕೈ ಎತ್ತಿದ್ದೆ. ಒಂದು ಚಳಿಗಾಲವಿಡೀ ತರಗತಿಗೆ ಹೋಗಿ ಕಾನೂನು ಓದಿ, ಹಕ್ಕಿಗಳ ನೆರಳುಚಿತ್ರ ಗುರುತಿಸಿ, ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳನ್ನು ಬಂದೂಕಿನಿಂದ ಒಡೆದು ಪರೀಕ್ಷೆ ಪಾಸಾಗಿದ್ದೆ. ಪೊಲೀಸರು ಮನೆಗೆ ಬಂದು ಬಂದೂಕಿನ ಕಪಾಟಿನ ಬೀಗ ಎಳೆದು ನೋಡಿ ಹೋಗಿದ್ದರು.

ಯಾಕೆ ಕೈ ಎತ್ತಿದೆ? ಹಕ್ಕಿ ಕಾಯುವುದು ನನಗೆ ಹೊಸದಲ್ಲ ಎಂಬ ಧೈರ್ಯದಿಂದ. ಇದು ನೆನಪು, ಪುಟದಲ್ಲಿಲ್ಲ: ವಿಜಯಪುರದ ಕಡೆ ನಮ್ಮ ಜೋಳದ ಹೊಲದಲ್ಲಿ ನಾಲ್ಕು ಕಂಬದ ಮೇಲೊಂದು ಅಟ್ಟಣೆ, ಅದರ ಮೇಲೆ ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿ, ನಾನು ಮತ್ತು ಅಕ್ಕ. ಆಯಿ ಕವಣೆಯಲ್ಲಿ ಕಲ್ಲಿಟ್ಟು ಬೀಸಿದರೆ ಹಗ್ಗ ಚಟೀರೆಂದು ಸದ್ದು ಮಾಡುತ್ತಿತ್ತು. ಕಲ್ಲು ಹಿಂಡಿನ ಆಚೆ ಅಂಚಿಗೆ ಬೀಳಬೇಕು, ಆಗ ಇಡೀ ಹಿಂಡು ಹೊರಮುಖವಾಗಿ ಏಳುತ್ತದೆ. ಒಂದೊಂದು ಹಕ್ಕಿಯನ್ನು ನೋಡಬಾರದು, ಹಿಂಡನ್ನು ಒಂದು ಬಟ್ಟೆಯ ಹಾಗೆ ನೋಡಬೇಕು ಎಂದು ಆಯಿ ಕಲಿಸಿದ್ದಳು. ಯಾವ ಹಕ್ಕಿಗೂ ಕಲ್ಲು ತಾಗಿದ್ದು ನನಗೆ ನೆನಪಿಲ್ಲ.

ಬಯಲಿನ ಅಜ್ಜ ಮೊದಲ ದಿನವೇ ತಮ್ಮ ಷರತ್ತು ಹೇಳಿದರು. ಡಚ್ಚಿನಲ್ಲಿ ಅವರು ನನ್ನನ್ನು ಸಲಿಗೆಯ ಮಾತಿನಲ್ಲೇ ಕರೆಯುತ್ತಿದ್ದರು, ಹಾಗಾಗಿ ಇಲ್ಲಿಯೂ ನೀನು ಎಂದೇ ಬರೆಯುತ್ತೇನೆ.

"ಈ ಹೊಲದಲ್ಲಿ ಒಂದೇ ನಿಯಮ. ಹೊಡೆದರೆ ಅಲ್ಲೇ ಸಾಯಬೇಕು. ಆಗೋದಿಲ್ಲ ಅನ್ನಿಸಿದರೆ ಹೊಡೀಬೇಡ. ಕಾಫಿ ಕುಡಿ."

ಕಾಲುವೆಯ ದಂಡೆಯಲ್ಲಿ ಹಸಿರು ಬಲೆಯ ಮರೆ ಕಟ್ಟಿಕೊಂಡು ನಾನು ಒಳಗೆ ನಿಂತೆ. ಅಜ್ಜ ಹಿಂದೆ ಬಕೆಟ್ ಬೋರಲು ಹಾಕಿ ಕೂತರು, ಕಾಲ ಬಳಿ ಅವರ ಕಂದು ನಾಯಿ. ಮುಂದೆ ಮಡಿಯ ಅಂಚಿನಲ್ಲಿ ಪ್ಲಾಸ್ಟಿಕ್ ಪಾರಿವಾಳಗಳನ್ನು ಚೆಲ್ಲಿದ್ದೆವು, ನಿಜವಾದವು ಅವನ್ನು ನಂಬಿ ಇಳಿಯಲೆಂದು. ಆ ದಿನದ ಲೆಕ್ಕವೇ ಮೊದಲು ಹೇಳಿದ್ದು: ಹದಿನಾರಕ್ಕೆ ಮೂರು.

"ಕೊನೇದು ಎಷ್ಟು ದೂರ ಇತ್ತು?" ಅಜ್ಜ ಕೇಳಿದರು.

"ಇಪ್ಪತ್ತೈದು ಮೀಟರ್."

ಅವರು ಎದ್ದು ನಾಯಿಯ ಜೊತೆ ಹಕ್ಕಿ ಬಿದ್ದ ಜಾಗದವರೆಗೆ ದೊಡ್ಡ ಹೆಜ್ಜೆ ಹಾಕುತ್ತಾ ಹೋದರು. ವಾಪಸ್ ಬಂದು ಬಕೆಟ್ಟಿನ ಮೇಲೆ ಕೂತು ಹೇಳಿದರು, "ನಲವತ್ತೊಂದು. ನಿಮ್ಮ ದೇಶದ ಮೀಟರ್ ಬೇರೆ ಇರಬೇಕು."

ಈ ಬಯಲಿನಲ್ಲಿ ಕಣ್ಣಿಗೂ ಹಕ್ಕಿಗೂ ನಡುವೆ ಅಡ್ಡ ಬರುವುದು ಏನೂ ಇರುವುದಿಲ್ಲ, ಮರವಿಲ್ಲ, ಬೇಲಿಯಿಲ್ಲ. ದೂರದ್ದು ಹತ್ತಿರ ಕಾಣುತ್ತದೆ. ಮರುದಿನ ಅಜ್ಜ ತಮ್ಮ ಕೊಟ್ಟಿಗೆಯ ಹಳೆಯ ಬಾಗಿಲಿಗೆ ಬಿಳಿ ಕಾಗದ ಅಂಟಿಸಿ, ನಡುವೆ ಪಾರಿವಾಳದ ಅಳತೆಯ ಚಿತ್ರ ಬರೆದು ನಿಲ್ಲಿಸಿದ್ದರು. ಒಂದು ತೋಟಾದಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕ ಉಕ್ಕಿನ ಚರೆಗಳು ನೂರಾರು ಇರುತ್ತವೆ, ಹೊರಟ ಮೇಲೆ ಹರಡುತ್ತಾ ಹೋಗುತ್ತವೆ. ಸೀಸದ ಚರೆಯನ್ನು ಇಲ್ಲಿ ನಿಷೇಧಿಸಿ ಬಹಳ ಕಾಲವಾಯಿತು. ಉಕ್ಕು ಹಗುರ, ಅದರ ಬಲ ಬೇಗ ಕುಂದುತ್ತದೆ. ನಾನು ಇಪ್ಪತ್ತೈದು, ಮೂವತ್ತು, ನಲವತ್ತು ಹೆಜ್ಜೆಗಳಿಂದ ಹೊಡೆದು, ಪ್ರತಿ ಸಲ ಕಾಗದ ಬದಲಿಸಿ, ಚಿತ್ರದೊಳಗಿನ ತೂತುಗಳನ್ನು ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಾ ಎಣಿಸಿದೆ. ಇಪ್ಪತ್ತೈದರಲ್ಲಿ ಹಕ್ಕಿಯ ಒಳಗೆ ಎಣಿಸಲು ತೊಡಕಾಗುವಷ್ಟು. ನಲವತ್ತರಲ್ಲಿ ಮೂರು: ಬಾಲದಲ್ಲೊಂದು, ರೆಕ್ಕೆಯಲ್ಲೊಂದು, ಹೊಟ್ಟೆಯ ಅಂಚಿನಲ್ಲೊಂದು.

"ಇದು ಸಾಯುತ್ತದೆಯೇ?" ಎಂದು ಕೇಳಿದೆ.

"ಸಾಯುತ್ತೆ," ಎಂದರು ಅಜ್ಜ. "ಮೂರು ದಿನ ಬಿಟ್ಟು."

ಅಂದು ಮಧ್ಯಾಹ್ನ ಮರೆಯಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಸುತ್ತಲೂ ಬಿದಿರು ಕಡ್ಡಿ ನೆಟ್ಟು ತುದಿಗೆ ಕೆಂಪು ಟೇಪು ಸುತ್ತಿದೆವು. ಕಡ್ಡಿಗಳಾಚೆ ಹಾರುವುದು ನನ್ನದಲ್ಲ. ಪ್ಲಾಸ್ಟಿಕ್ ಹಕ್ಕಿಗಳನ್ನೂ ಹತ್ತಿರ ಎಳೆದು ಕುದುರೆ ಲಾಳದ ಆಕಾರಕ್ಕೆ ಜೋಡಿಸಿ, ಗಾಳಿ ಬೆನ್ನಿಗಿರುವಂತೆ ನಾವು ಕೂತೆವು. ಪಾರಿವಾಳ ಗಾಳಿಗೆ ಎದುರಾಗಿ ಇಳಿಯುತ್ತದೆ, ನಡುವೆ ಬಿಟ್ಟ ಖಾಲಿ ಜಾಗಕ್ಕೇ ಬರುತ್ತದೆ. ನಾಲ್ಕು ದಿನದ ನಂತರದ ಪುಟ: "ತೋಟಾ ಒಂಬತ್ತು. ಬಿದ್ದವು ನಾಲ್ಕು. ತಪ್ಪಿದವು ಐದು." ನಾಲ್ಕರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಖುಷಿಯಾಗಿತ್ತು ಎಂದು ಕಾಣುತ್ತದೆ.

ಆ ಪುಟವನ್ನು ಅಜ್ಜನಿಗೆ ತೋರಿಸಿದೆ. ಅವರು ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದನ್ನೂ ಏನೆಂದು ಕೇಳಿದರು. ಕೊನೆಗೆ ಬೆರಳು ಐದರ ಹತ್ತಿರ ನಿಂತಿತು.

"ಇದು?"

"ತಪ್ಪಿದವು."

"ನಿನಗೆ ಹೇಗೆ ಗೊತ್ತು?"

"ಹಾರಿಹೋದವಲ್ಲ."

ಅವರು ನೋಟ್‌ಬುಕ್ ಮುಚ್ಚಿ ಕೊಟ್ಟರು. ಮರುದಿನ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದರು. ನಾನು ಹೊಡೆದ ಮೇಲೆ ಮುಂದಿನ ಹಕ್ಕಿಯ ಕಡೆ ತಿರುಗುತ್ತಿದ್ದೆ. ಅವರು ಹಾರಿಹೋದದ್ದನ್ನೇ ಹಿಂಬಾಲಿಸುತ್ತಿದ್ದರು. ಎರಡನೆಯ ಹಕ್ಕಿ ನೇರವಾಗಿ, ಏನೂ ಆಗದ ಹಾಗೆ, ಒಡ್ಡಿನವರೆಗೆ ಹೋಯಿತು. "ನೋಡ್ತಿರು," ಎಂದು ದುರ್ಬೀನನ್ನು ನನಗೆ ಕೊಟ್ಟರು. ಒಡ್ಡು ದಾಟಿದ ಮೇಲೆ ಅದು ಇದ್ದಕ್ಕಿದ್ದಂತೆ ಮೇಲಕ್ಕೆ ಏರಿತು, ರೆಕ್ಕೆ ಬಡಿಯುವುದನ್ನು ನಿಲ್ಲಿಸಿತು, ಪೋಪ್ಲರ್ ಮರಗಳ ಹಿಂದೆ ಜಾರಿತು.

ನಾಯಿಯನ್ನು ಕರೆದುಕೊಂಡು ಹೋದೆವು. ಮುಳ್ಳುಕಂಟಿಯ ಬುಡದಲ್ಲಿ ಆ ಹಕ್ಕಿ ಕೂತಿತ್ತು, ನಮ್ಮನ್ನು ನೋಡುತ್ತಿತ್ತು. ಅಜ್ಜ ಎಡಗೈಯಲ್ಲೇ ಎತ್ತಿಕೊಂಡು ಕೊರಳು ತಿರುವಿದರು. ಅಷ್ಟರಲ್ಲಿ ನಾಯಿ ಮತ್ತೆಲ್ಲೋ ಮೂಸುತ್ತಿತ್ತು. ಒಂದಾದ ಮೇಲೊಂದು ನಾಲ್ಕು ತೋರಿಸಿತು. ಎರಡು ಬರೀ ಗರಿಗಳ ಗುಪ್ಪೆ. ಒಂದು ಒಣಗಿತ್ತು. ಇನ್ನೊಂದು ಹಿಂದಿನ ದಿನದ್ದಿರಬೇಕು, ತಲೆಯನ್ನು ರೆಕ್ಕೆಯೊಳಗೆ ಇಟ್ಟುಕೊಂಡೇ ಸತ್ತಿತ್ತು.

"ಗಿಡುಗ ಹಿಡಿದದ್ದೂ ಇರಬಹುದು," ಎಂದೆ. ಹಾಗೆ ಹೇಳಿದ್ದು ಚೆನ್ನಾಗಿ ನೆನಪಿದೆ, ಅದನ್ನು ಮರೆತಿದ್ದರೆ ಒಳ್ಳೆಯದಿತ್ತು.

ಅಜ್ಜ ಆ ಕೊನೆಯದರ ತೊಡೆಯ ಗರಿ ಸರಿಸಿ, ಚರ್ಮದ ಕೆಳಗಿನ ಒಂದು ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿದರು. ಉಕ್ಕಿನ ಚರೆ ಅವರ ಅಂಗೈಗೆ ಬಂತು. ಒಣಗಿದ್ದರಲ್ಲೂ ಒಂದು ಸಿಕ್ಕಿತು. ಗರಿಗಳ ಗುಪ್ಪೆಯಲ್ಲಿ ಹುಡುಕಲು ಏನೂ ಇರಲಿಲ್ಲ.

"ಹೊಲವನ್ನು ನಿನ್ನಿಂದ ಕಿತ್ಕೊಳ್ಳೋದಿಲ್ಲ," ಎಂದರು ವಾಪಸ್ ಬರುವಾಗ. "ಬಂದೂಕು ನಿನ್ನದು. ಏನು ಮಾಡ್ತೀಯ ಅಂತ ನೀನೇ ಹೇಳು."

ಆ ದಿನಾಂಕದ ಪುಟ ಖಾಲಿ.

ಮರುದಿನ ಊಟದ ಕೋಣೆಯಲ್ಲಿ ಸರ್ ಎದುರು ಕೂತು, ಬಂದೂಕನ್ನು ಸದ್ಯಕ್ಕೆ ನಿಲ್ಲಿಸುತ್ತೇನೆ ಎಂದೆ. ಅವರು ಬ್ರೆಡ್ಡಿನ ಮೇಲೆ ಮನೆಯಿಂದ ತಂದ ಚಟ್ನಿಪುಡಿ ಉದುರಿಸುತ್ತಿದ್ದರು.

"ಎಷ್ಟು ದಿನ?"

"ಸರಿಯಾಗಿ ಹೊಡೆಯೋದು ಬರೋವರೆಗೆ. ಹತ್ತು ದಿನ, ಹನ್ನೆರಡು ದಿನ."

"ಹನ್ನೆರಡು ದಿನದಲ್ಲಿ ಅವು ಒಂದು ಮಡಿ ಪೂರಾ ನುಣ್ಣಗೆ ಮಾಡ್ತಾವೆ ಮಾರಾಯ್ತಿ. ನಿನಗೆ ಗೊತ್ತುಂಟಲ್ಲ?"

"ಗೊತ್ತಿದೆ ಸರ್."

"ಮತ್ತೆ ಎಂತ? ನೀನೇನು ಅವನ್ನು ಸಾಯ್ಲಿಕ್ಕೆ ಬಿಡದೆ ಸಾಕ್ಲಿಕ್ಕೆ ಹೊರಟದ್ದಾ? ಹೊಡೀಲಿಕ್ಕೆ ಅಂತಲೇ ಅಲ್ವಾ ಹೋದದ್ದು?"

"ಹೊಡೀತಾ ಇಲ್ಲ ಸರ್ ನಾನು. ಗಾಯ ಮಾಡಿ ಕಳಿಸ್ತಾ ಇದ್ದೀನಿ."

"ಬೇರೆ ಯಾರನ್ನಾದ್ರೂ ಕರಿ ಹಾಗಾದ್ರೆ."

ಕರೆದು ನೋಡಿದ್ದೆ. ವಸಂತದಲ್ಲಿ ಎಲ್ಲ ಬೇಟೆಗಾರರೂ ಅವರವರ ಹೊಲ ಕಾಯುವುದರಲ್ಲಿ ಇರುತ್ತಾರೆ. ಸರ್ ಬ್ರೆಡ್ಡು ತಿಂದು ಮುಗಿಸಿದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾ, "ನಿನ್ನ ಮನಸ್ಸಿಗೆ ನೆಮ್ಮದಿ ಬೇಕು, ಅದಕ್ಕೆ ನನ್ನ ಬಟಾಣಿ ಬಲಿ ಕೊಡ್ತಿದ್ದಿ. ಆಯ್ತು, ಕೊಡು," ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದು ನಿಜವೋ ಎಂದು ಆಗಲೂ ಯೋಚಿಸಿದ್ದೆ, ಈಗಲೂ ಯೋಚಿಸುತ್ತೇನೆ. ಪುಟದಲ್ಲಿ ಒಂದೇ ಸಾಲು: "ನಿಲ್ಲಿಸಿದೆ. ಸರ್ ಒಪ್ಪಲಿಲ್ಲ, ತಡೆಯಲೂ ಇಲ್ಲ."

ಆ ಹನ್ನೆರಡು ದಿನ ಬೆಳಿಗ್ಗೆ ಕಚೇರಿಗೆ ಮೊದಲು ಹೊಲಕ್ಕೆ ಹೋಗಿ, ಮಡಿಗಳ ನಡುವೆ ಓಡಾಡಿ ಕೂಗು ಹಾಕುತ್ತಿದ್ದೆ. ಅಟ್ಟಣೆಯ ಮೇಲೆ ಕೂಗುತ್ತಿದ್ದ ಅದೇ ಹೋ ಹೋ. ಒಂದು ದಿನ ಒಡ್ಡಿನ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ಇಳಿದು, ಸಹಾಯ ಬೇಕೇ, ಯಾರಿಗಾದರೂ ಫೋನ್ ಮಾಡಲೇ ಎಂದು ಕೇಳಿದರು. ನಾನಿರುವವರೆಗೆ ಹಕ್ಕಿಗಳು ಪೋಪ್ಲರ್ ಮರದ ಮೇಲೆ ಕಾಯುತ್ತಿದ್ದವು. ನಾನು ಕಾರು ಹತ್ತಿದ ಕೂಡಲೇ ಇಳಿಯುತ್ತಿದ್ದವು.

ಸಂಜೆ ಅಜ್ಜನ ಕೊಟ್ಟಿಗೆಯಲ್ಲಿ ಅಭ್ಯಾಸ. ಖಾಲಿ ಬಂದೂಕು, ಎರಡೆರಡು ಸಲ ತೆರೆದು ನೋಡಿದ್ದು. ಸೊಂಟದಿಂದ ಎತ್ತಿ ಮರದ ಹಿಡಿಯನ್ನು ಕೆನ್ನೆಗೆ ತರಬೇಕು, ಕೆನ್ನೆಯನ್ನು ಮರಕ್ಕೆ ಒಯ್ಯಬಾರದು. ಗೋಡೆ ಮತ್ತು ಸೂರು ಸೇರುವ ಗೆರೆಯ ಮೇಲೆ ನಳಿಗೆಯ ತುದಿ ಜಾರುತ್ತಾ ಹೋಗಬೇಕು, ಮೂಲೆಯಲ್ಲೂ ನಿಲ್ಲಬಾರದು. ಟ್ರಿಗರ್ ಎಳೆದ ಮೇಲೂ ನಿಲ್ಲಬಾರದು. ದಿನಕ್ಕೆ ಇನ್ನೂರು ಸಲ. ಶನಿವಾರ ಮಣ್ಣಿನ ಬಿಲ್ಲೆ ಎಸೆಯುವ ಮೈದಾನಕ್ಕೆ ಹೋದೆ. ಇಪ್ಪತ್ತೈದರಲ್ಲಿ ಇಪ್ಪತ್ತೊಂದು ಒಡೆದೆ. ಇದು ಪುಟದಲ್ಲಿದೆ.

"ಬಿಲ್ಲೆ ಒಡೀತೀಯ, ಹಕ್ಕಿ ಒಡೆಯೋಲ್ಲ. ಬಿಲ್ಲೆ ಒಂದೊಂದೇ ಬರುತ್ತೆ," ಎಂದರು ಅಜ್ಜ. ಏನೋ ಹೊಳೆದವರ ಹಾಗೆ ಕಂಡರು. ಮರುದಿನ ನನ್ನನ್ನು ಮರೆಗೆ ಕರೆದುಕೊಂಡು ಹೋಗಿ ಬಂದೂಕಿನ ಬದಲು ತಮ್ಮ ಊರುಗೋಲು ಕೈಗೆ ಕೊಟ್ಟರು.

ಹತ್ತು ಹನ್ನೆರಡು ಹಕ್ಕಿಗಳ ಗುಂಪು ಇಳಿಯಿತು. ನಾನು ಕೋಲು ಎತ್ತಿ ಬೀಸಿದೆ.

"ಯಾವುದು?"

"ಮುಂದಿನದು."

"ಅದರ ಕೊರಳಲ್ಲಿ ಬಿಳಿ ಗುರುತು ಇತ್ತಾ ಇಲ್ವಾ? ಮರಿಗಳಿಗೆ ಇರೋಲ್ಲ."

ಗೊತ್ತಿರಲಿಲ್ಲ. ಮತ್ತೊಂದು ಗುಂಪು ಬಂತು, ಮತ್ತೆ ಕೇಳಿದರು. ಕಾಲು ಮಡಚಿತ್ತೋ ಇಳಿಬಿಟ್ಟಿತ್ತೋ? ಬಾಲ ಅಗಲವಾಗಿತ್ತೋ? ಒಂದನ್ನೂ ನಾನು ನೋಡಿರಲಿಲ್ಲ.

"ನಿನ್ನ ಕಣ್ಣು ಹಕ್ಕಿ ಮೇಲೆ ಇಲ್ಲ," ಎಂದರು. "ಹಿಂಡಿನ ಮೇಲಿದೆ. ಮುಂದಿನದಕ್ಕೆ ಬೀಸ್ತೀಯ, ಹಿಂಡಿನ ಅಂಚಿಗೆ ಬಿಡ್ತೀಯ. ಅಂಚಿನ ಹಕ್ಕಿಗೆ ಎರಡು ಚರೆ ತಾಗುತ್ತೆ, ಅದು ಪೋಪ್ಲರ್ ಮರದ ಹತ್ತಿರ ಹೋಗುತ್ತೆ. ಇದನ್ನ ಯಾರು ಕಲಿಸಿದರು ನಿನಗೆ?"

ನಾನು ಅಟ್ಟಣೆ, ಕವಣೆ, ಆಯಿ ಎಂದು ನನಗೆ ಬರುವ ಡಚ್ಚಿನಲ್ಲಿ ಹೇಳಿದೆ. ಬಟ್ಟೆಯ ಹಾಗೆ ನೋಡಬೇಕು ಎಂದದ್ದನ್ನೂ ಹೇಳಿದೆ. ಅಜ್ಜ ಶ್ರದ್ಧೆಯಿಂದ ಕೇಳಿಸಿಕೊಂಡರು.

"ಚೆನ್ನಾಗಿ ಕಲಿಸಿದಾಳೆ. ಓಡಿಸೋಕೆ ಅದೇ ಸರಿ. ಕೊಲ್ಲೋಕೆ ಅಲ್ಲ."

ಅಲ್ಲಿಂದ ಅವರದೊಂದು ಕ್ರಮ ಶುರುವಾಯಿತು. ಗುಂಪು ಬಂದಾಗ ಒಂದನ್ನು ಆರಿಸಬೇಕು. ಅದರ ಬಗ್ಗೆ ಒಂದು ವಿಷಯವನ್ನು, ಅದರದ್ದೇ ಆದ ಒಂದು ವಿಷಯವನ್ನು, ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಕೋಲು ಎತ್ತಬೇಕು. ಹೇಳಲು ಏನೂ ಕಾಣದಿದ್ದರೆ ಎತ್ತಕೂಡದು. ಮೊದಲೆರಡು ದಿನ ನಾನು ಒಮ್ಮೆಯೂ ಎತ್ತಲಿಲ್ಲ. ಮೂರನೆಯ ದಿನ ಕಣ್ಣು ಒಮ್ಮೆಲೇ ಕಿರಿದಾದಂತೆ, ಒಂದು ಹಕ್ಕಿ ಉಳಿದು ಬೇರೆಲ್ಲ ಮಸುಕಾದಂತೆ ಆಯಿತು. "ಎಡ ರೆಕ್ಕೆಯಲ್ಲಿ ಒಂದು ಗರಿ ಇಲ್ಲ," ಎಂದೆ. ಕೋಲು ತಾನಾಗಿ ಅದರ ಬಾಲದಿಂದ ತಲೆ ದಾಟಿ ಹೋಯಿತು.

"ಈಗ ನಾಳೆ ಬಂದೂಕು ತಾ," ಎಂದರು ಅಜ್ಜ.

ಅಷ್ಟರಲ್ಲಿ ಉಳಿದ ಮೂರರಲ್ಲಿ ಒಂದು, ಲೆಕ್ಕಕ್ಕೆ ಬೇಕಾಗಿದ್ದ ಮೂರನೆಯ ಮಡಿ, ಹೋಗಿತ್ತು. ಸಾಲುಗಳಲ್ಲಿ ಹಸಿರು ಕಡ್ಡಿಗಳ ಮೋಟು ಮಾತ್ರ ಉಳಿದಿತ್ತು. ಸರ್ ಬಂದು ನೋಡಿದರು, ಸಾಲಿನ ಕೊನೆಯ ಹೆಸರುಪಟ್ಟಿಯನ್ನು ಕಿತ್ತು ಮಣ್ಣು ಒರೆಸಿ ಜೇಬಿಗೆ ಹಾಕಿಕೊಂಡರು. "ಉಳಿದ ಎರಡನ್ನಾದ್ರೂ ನೋಡು," ಎಂದರು. ಎರಡು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ಮತ್ತೆ ಶುರುಮಾಡಿದ ದಿನದಿಂದ ನೋಟ್‌ಬುಕ್ಕಿನ ಪುಟಗಳು ಬೇರೆಯಾಗಿವೆ. ಒಂದನ್ನು ಹಾಗೇ ಇಳಿಸುತ್ತೇನೆ. "ತೋಟಾ ಆರು. ಬಿದ್ದವು ಆರು. ೧. ಕೊರಳ ಗುರುತು ಒಂದೇ ಬದಿ ಸ್ಪಷ್ಟ. ೨. ಮರಿ, ಗುರುತಿಲ್ಲ. ೩. ಬಲಗಾಲು ಇಳಿಬಿಟ್ಟಿತ್ತು, ಹಳೆಯ ಗಾಯ. ೪. ಎದೆ ಕೆಂಪು ಹೆಚ್ಚು. ೫. ಎಡ ರೆಕ್ಕೆಯಲ್ಲಿ ಒಂದು ಗರಿ ಇಲ್ಲ. ೬. ತಿರುಗಿ ನನ್ನ ಕಡೆ ನೋಡಿತು." ಎಲ್ಲವೂ ಇಪ್ಪತ್ತು ಹೆಜ್ಜೆಯ ಒಳಗೆ. ನೆಲ ಮುಟ್ಟುವ ಮೊದಲೇ ಸತ್ತಿದ್ದವು. ಅಜ್ಜ ಪ್ರತಿಯೊಂದನ್ನೂ ಕೈಯಲ್ಲಿ ತೂಗಿ ನೋಡಿ ಸಾಲಾಗಿ ಮಲಗಿಸಿದರು. ಹೊಗಳಲಿಲ್ಲ. ಫ್ಲಾಸ್ಕಿನಿಂದ ನನಗೆ ಮೊದಲು ಕಾಫಿ ಬಗ್ಗಿಸಿದರು, ಅದುವರೆಗೆ ತಮಗೆ ಮೊದಲು ಬಗ್ಗಿಸಿಕೊಳ್ಳುತ್ತಿದ್ದರು.

ಬಿದ್ದ ಹಕ್ಕಿಗಳ ಗಂಟಲಚೀಲ ಕತ್ತರಿಸಿ, ಒಳಗೆ ಎಷ್ಟು ಬಟಾಣಿ ಎಲೆ ಇದೆಯೆಂದು ತೂಗುವುದು ನನ್ನ ಕೆಲಸದ ಭಾಗ. ಐದನೆಯದು ಆ ದಿನ ಕೋಲಿನಿಂದ ಹಿಂಬಾಲಿಸಿದ್ದೇ ಇರಬಹುದು, ಖಚಿತವಾಗಿ ಹೇಳಲಾರೆ. ಗರಿ ಉದುರಿದ ಹಕ್ಕಿಗಳು ಬೇರೆಯೂ ಇರುತ್ತವೆ. ಅದರ ಚೀಲದಲ್ಲಿ ಎಲೆ ಇರಲಿಲ್ಲ. ಮೊಸರಿನ ಗಟ್ಟಿಯಂಥ, ಹಳದಿ ಬಣ್ಣದ ಮುದ್ದೆಯಿತ್ತು. ಪಾರಿವಾಳಗಳು ಗೂಡಿನ ಮರಿಗೆ ಉಣ್ಣಿಸುವುದು ಅದನ್ನೇ. ತೂಗಿ, ಅಂಕಿ ಬರೆದು, ಪ್ರಯೋಗಶಾಲೆಯ ಸಿಂಕಿನಲ್ಲಿ ಬಹಳ ಹೊತ್ತು ಕೈ ತೊಳೆದೆ.

ಇದನ್ನು ಅಜ್ಜನಿಗೆ ಹೇಳಿದಾಗ ಅವರು, "ಹೌದು, ಈ ತಿಂಗಳಲ್ಲಿ ಹಾಗೇ," ಎಂದರು. ನಾಯಿಯ ತಲೆ ಸವರುತ್ತಾ, "ನನ್ನ ಹೆಂಡತಿ ಅದಕ್ಕೇ ಮೇ ತಿಂಗಳ ಹಕ್ಕಿ ಅಡಿಗೆ ಮಾಡ್ತಾ ಇರಲಿಲ್ಲ," ಎಂದರು. ಹೆಂಡತಿಯ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ನನ್ನ ಗುರಿ ಸರಿಯಾದಷ್ಟೂ ಪುಟಗಳು ತುಂಬುತ್ತಾ ಹೋದವು. ಮೊದಲಿನ ಹಕ್ಕಿಗಳಲ್ಲಿ ಒಂದರ ಗುರುತೂ ನನಗಿಲ್ಲ. ಆಮೇಲಿನವು ಒಂದೊಂದೂ ಗೊತ್ತು. ಮನೆಗೆ ಬಂದು ಅನ್ನ ಕಲಸುವಾಗ ಇಳಿಬಿಟ್ಟ ಬಲಗಾಲು ಕಣ್ಣ ಮುಂದೆ ಬರುತ್ತಿತ್ತು. ಕ್ರಮ ಮೀರಿ, ಹೇಳದೆ ಹೊಡೆದುಬಿಡೋಣವೆಂದು ಎರಡು ಸಲ ಅನ್ನಿಸಿತ್ತು. ಹಾಗೆ ಹೊಡೆದರೆ ಮತ್ತೆ ಪೋಪ್ಲರ್ ಮರದ ಬುಡಕ್ಕೆ ಹೋಗಬೇಕಾಗುತ್ತದೆಂದು ಸುಮ್ಮನಾದೆ.

ಮೇ ಕೊನೆಗೆ ಬಳ್ಳಿತುದಿಗಳು ಒಂದಕ್ಕೊಂದು ಹೆಣೆದುಕೊಂಡವು, ಹಕ್ಕಿಗಳಿಗೆ ಇಳಿಯಲು ಜಾಗ ಉಳಿಯಲಿಲ್ಲ. ಜೂನಿನಲ್ಲಿ ಜೋರು ಗಾಳಿ ಬಂದು ಪಕ್ಕದ ತಳಿಗಳೆಲ್ಲ ಮಲಗಿದವು. ಸರ್ ಅವರ ಬಟಾಣಿ ಎರಡೂ ಮಡಿಯಲ್ಲಿ ನೆಟ್ಟಗೆ ನಿಂತಿತ್ತು. ಅವರು ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದರು.

"ನಿಂತಿದೆ ಸರ್," ಎಂದೆ.

"ನಿಲ್ತದೆ ಅಂತ ನನಗೆ ಗೊತ್ತಿತ್ತು," ಎಂದರು. "ಗೊತ್ತಿದ್ರೆ ಸಾಲ್ದು. ಮೂರು ಮಡಿಯಲ್ಲಿ ತೋರಿಸ್ಬೇಕು."

ಕಟಾವಾದ ಬೀಜವನ್ನು ಕಾಗದದ ಚೀಲಕ್ಕೆ ತುಂಬಿ, ಅವರೇ ತಮ್ಮ ಕೈಯಾರೆ ಹೆಸರು ಬರೆದು, ತಂಪುಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟರು. ಬಾಗಿಲು ಹಾಕಿ ಬರುವಾಗ ನನ್ನನ್ನು ಕೇಳಿದರು, "ಈಗ ಎಷ್ಟಕ್ಕೆ ಎಷ್ಟು ಹೊಡೀತಿ?"

"ಹತ್ತಕ್ಕೆ ಒಂಬತ್ತು."

"ಹಾ," ಎಂದರು. ಬಂದೂಕು ನಿಲ್ಲಿಸದೆ ಹೋಗಿದ್ದರೆ ಆ ಮೂರನೆಯ ಮಡಿ ಉಳಿಯುತ್ತಿತ್ತೇ? ಉಳಿಯುತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಮತ್ತೆ ಆ ಊಟದ ಕೋಣೆಯಲ್ಲಿ ಕೂತರೆ ನಿಲ್ಲಿಸುತ್ತೇನೆ ಎಂದೇ ಹೇಳುತ್ತೇನೆಂದೂ ಅನ್ನಿಸುತ್ತದೆ. ಎರಡನ್ನೂ ಬರೆದಿಟ್ಟಿದ್ದೇನೆ, ಒಂದರ ಕೆಳಗೊಂದು.

ಆ ಭಾನುವಾರ ಅಕ್ಕನಿಗೆ ಫೋನ್ ಮಾಡಿದೆ. ಅವಳು ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಕಿ, ನನಗಿಂತ ಆರು ವರ್ಷ ದೊಡ್ಡವಳು. ಹಿಂಡಿನ ಕಡೆ ನೋಡುವ ಅಭ್ಯಾಸ ನನಗೆ ಹೇಗೆ ಮುಳುವಾಯಿತು ಎಂದು ನಗುತ್ತಲೇ ಹೇಳುತ್ತಾ, "ಆಯಿ ಒಂದ ಹಕ್ಕಿಗೂ ಕಲ್ಲ ತಾಗಿಸ್ತಿರಲಿಲ್ಲ ನೋಡ, ಅದಕ್ಕ ನನಗ ಈ ಪರಿಸ್ಥಿತಿ," ಎಂದೆ.

"ತಾಗಸ್ತಿರಲಿಲ್ಲ ಅಂತ ನಿನಗ ಯಾರ ಹೇಳ್ಯಾರ?"

"ಎಲ್ಲಾ ಹಾರಿ ಹೋಗ್ತಿದ್ವಲ್ಲ ಅಕ್ಕಾ."

"ಹಾರಿ ಹೋದ್ವು ಅಂದ್ರ ಮುಗೀತು. ತಾಗಿತ್ತೋ ಇಲ್ಲೋ ಆಮ್ಯಾಲ ಯಾರ ನೋಡಾಕ ಹೋಗಿದ್ರ?" ಅವಳು ಮುಂದುವರಿಸಿದಳು. "ಮತ್ತ ನೀ ಒಂದ ಬೆಳವನ ಬುಟ್ಯಾಗ ಇಟಗೊಂಡಿದ್ದಿ, ನೆನಪಿಲ್ಲೇನ? ರೆಕ್ಕಿ ಮುರದಿತ್ತು. ಜ್ವಾಳದ ದಂಟಿನ್ಯಾಗ ನಿನಗ ಸಿಕ್ಕಿತ್ತು. ಮೂರ ದಿನ ನುಚ್ಚ ತಿನಸಾಕ ನೋಡಿದಿ, ತಿನ್ನಲಿಲ್ಲ. ಸತ್ತಾಗ ಎಷ್ಟ ಅತ್ತಿ ಮಾರಾಯ್ತಿ. ಆಯಿ ಎರಡ ದಿನ ಕವಣಿ ಮುಟ್ಟಲಿಲ್ಲ."

ನನಗೆ ನೆನಪಿರಲಿಲ್ಲ. ಪಾರಿವಾಳದ ಜಾತಿಯ ಆ ಬೆಳವ, ಬುಟ್ಟಿ, ನುಚ್ಚು, ಅತ್ತದ್ದು, ಯಾವುದೂ ಇಲ್ಲ. ಎಷ್ಟು ಹುಡುಕಿದರೂ ಸಿಗುವುದು ಅಟ್ಟಣೆ, ಚಟೀರೆಂಬ ಸದ್ದು, ಒಟ್ಟಾಗಿ ಏಳುವ ಹಿಂಡು ಮಾತ್ರ.

"ಅದರ ಕೊರಳಿನ್ಯಾಗ ಏನರ ಗುರುತ ಇತ್ತೇನ?" ಎಂದು ಕೇಳಿದೆ.

"ಅದೆಲ್ಲಿ ನೆನಪ ಇರ್ತದವಾ," ಎಂದಳು ಅಕ್ಕ. "ಬೂದ ಬಣ್ಣದ ಒಂದ ಹಕ್ಕಿ."

ಫೋನ್ ಇಟ್ಟ ಮೇಲೆ ನೋಟ್‌ಬುಕ್ಕಿನ ಮೊದಲ ಪುಟಗಳಿಗೆ ಹೋದೆ. ತಪ್ಪಿದವು ಎಂಬ ಪದ ಇದ್ದಲ್ಲೆಲ್ಲ ಒಂದು ಗೆರೆ ಎಳೆದು, ಮೇಲೆ ಗೊತ್ತಿಲ್ಲ ಎಂದು ಬರೆದೆ. ಗೊತ್ತಿಲ್ಲ ಹದಿಮೂರು. ಗೊತ್ತಿಲ್ಲ ಐದು. ಹಾಗೇ ಕೊನೆಯವರೆಗೂ. ಖಾಲಿ ಬಿಟ್ಟಿದ್ದ ಆ ಒಂದು ಪುಟಕ್ಕೆ ಬಂದಾಗ, ಮುಳ್ಳುಕಂಟಿಯ ಬುಡದ ಐದನ್ನು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಬೆಳವ ಒಂದು. ಬೂದು ಬಣ್ಣ. ರೆಕ್ಕೆ ಮುರಿದಿತ್ತು. ಅಕ್ಕ ಹೇಳಿದ್ದು."